ಮುಗಿಯುವ ಕೆಲಸ ಕೊಡುವ ನೆಮ್ಮದಿ

ಹೊರಗಿನ ದುಡಿಮೆ ಮುಗಿಸಿ ಮನೆಗೆ ಬಂದರೂ ಎಷ್ಟೋ ಸಲ ಮನಸ್ಸು ಸುಮ್ನೆ ಕೂರುವುದಿಲ್ಲ. ಕುರ್ಚಿಯ ಮೇಲೆ ಮಡಚದ ಬಟ್ಟೆ. ಮೇಜಿನ ಮೇಲೆ ಕಟ್ಟಬೇಕಾದ ಬಿಲ್ಲು. ಮೂಲೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆ. ಕಣ್ಣು ಹೋದಲ್ಲೆಲ್ಲ ಬಾಕಿ ಉಳಿದ ಒಂದು ಕೆಲಸ ನೆನಪಾಗುತ್ತದೆ.

ಇದರ ಗುರುತು ಮೈಯಲ್ಲೂ ಸಿಗುತ್ತದೆಯೇ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ಇದನ್ನೇ ಹುಡುಕಿದರು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳ 60 ಮಂದಿಗೆ, ಮನೆಯೆಲ್ಲ ಸುತ್ತಾಡಿ ಅದರ ಬಗ್ಗೆ ಮಾತಾಡುತ್ತಾ ವಿಡಿಯೋ ಮಾಡಲು ಹೇಳಿದರು. ಆ ಮಾತುಗಳಲ್ಲಿ ಸಾಮಾನಿನ ರಾಶಿ, ಅರ್ಧಕ್ಕೆ ನಿಂತ ಕೆಲಸ ಇಂಥವು ಎಷ್ಟು ಬಂದವು ಎಂದು ನೋಡಿದರು. ಜೊತೆಗೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಜೊಲ್ಲಿನ ಮಾದರಿ ಪಡೆದು ಕಾರ್ಟಿಸಾಲ್ ಅಳೆದರು. ಒತ್ತಡಕ್ಕೆ ಮೈ ಅಣಿಯಾಗಲು ನೆರವಾಗುವ ಹಾರ್ಮೋನು ಇದು. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಏರುತ್ತದೆ, ರಾತ್ರಿಯಾಗುತ್ತಾ ಇಳಿಯುತ್ತದೆ. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮನೆಯ ರಾಶಿ ಮತ್ತು ಬಾಕಿ ಕೆಲಸಗಳ ಬಗ್ಗೆ ಜಾಸ್ತಿ ಹೇಳಿದ ಹೆಂಗಸರಲ್ಲಿ ಈ ಇಳಿತ ಮಂದವಾಗಿತ್ತು, ಅಂದರೆ ದಿನ ಕಳೆದಂತೆ ಹಾರ್ಮೋನು ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಹಾಗೆ ಕಾಣಲಿಲ್ಲ.

ರಾಶಿಯೇ ಕಾರಣ ಎಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಮೊದಲೇ ಬಳಲಿದವರ ಕಣ್ಣಿಗೆ ರಾಶಿ ಹೆಚ್ಚು ಕುಕ್ಕಬಹುದು. ಆದರೆ ಗಂಡ ಹೆಂಡತಿಯರ ನಡುವಿನ ಆ ವ್ಯತ್ಯಾಸ ನನ್ನನ್ನು ಕಾಡುತ್ತದೆ. ಮನೆ ಓರಣವಾಗಿಡುವುದು ಯಾರ ಹೊಣೆ ಎಂದು ಮನೆಮಂದಿ ಅಂದುಕೊಂಡಿದ್ದಾರೋ, ಅವರಿಗೇ ಅದು ಭಾರ ಅಲ್ವಾ?

ಕಣ್ಣಿನ ಕಡೆಯಿಂದಲೂ ಒಂದು ಕಾರಣವಿದೆ. ಎದುರಿಗೆ ಹಲವು ವಸ್ತುಗಳಿದ್ದರೆ, ಮಿದುಳಿನ ದೃಷ್ಟಿ ಭಾಗದಲ್ಲಿ ಅವು ಗಮನಕ್ಕಾಗಿ ಪೈಪೋಟಿ ನಡೆಸುತ್ತವೆ. ಬೇಕಾದ ಒಂದನ್ನೇ ನೋಡಲು ಮಿದುಳು ಉಳಿದವನ್ನು ಹತ್ತಿಕ್ಕುತ್ತಿರಬೇಕು. ಮೇಜು ಖಾಲಿಯಾದರೆ ಆ ಕೆಲಸ ಹಗುರಾಗುತ್ತದೆ.

ಹಾಗಾದರೆ ಬೇಡದ್ದನ್ನು ಕೊಟ್ಟುಬಿಡುವುದು ಯಾಕಿಷ್ಟು ಕಷ್ಟ? ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಗಷ್ಟೇ ಒಂದು ಕಾಫಿ ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಎರಡು ಪಟ್ಟಿಗಿಂತಲೂ ಜಾಸ್ತಿ. ಕೈಗೆ ಬಂದು ಕೆಲವೇ ನಿಮಿಷವಾದ ಮಗ್ಗೇ ಹೀಗೆ ಅಂಟಿಕೊಂಡರೆ, ವರ್ಷಗಟ್ಟಲೆ ಕಪಾಟಿನಲ್ಲಿದ್ದ ವಸ್ತುವಿನ ಮಾತು ಬೇಡ. ಹಾಗಾಗಿ 'ಇದನ್ನು ಬಿಸಾಡಲೇ?' ಎನ್ನುವುದಕ್ಕಿಂತ 'ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನೇ?' ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲವನ್ನೂ ಒಂದೇ ದಿನ ಮುಗಿಸಬೇಕಿಲ್ಲ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ ಸಂಗತಿ ಇಲ್ಲಿ ತುಂಬ ಉಪಯೋಗದ್ದು. ಬಾಕಿ ಕೆಲಸ ತಲೆಯಲ್ಲಿ ಸುತ್ತುತ್ತಾ ಬೇರೆ ಕೆಲಸ ಕೆಡಿಸುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಸಾಕು, ಆ ಕಾಟ ಬಹಳ ಮಟ್ಟಿಗೆ ನಿಲ್ಲುತ್ತದೆ. ಮೂಲೆಯ ಪೆಟ್ಟಿಗೆಯ ಮೇಲೆ 'ಭಾನುವಾರ ಬೆಳಿಗ್ಗೆ, ಇಬ್ಬರೂ ಸೇರಿ' ಎಂದು ಬರೆದ ಚೀಟಿಗೆ ಅಷ್ಟು ಶಕ್ತಿ ಇದೆ.

ಮನೆಕೆಲಸದ ದೊಡ್ಡ ತೊಡಕೆಂದರೆ ಅದು ಮುಗಿಯುವುದೇ ಇಲ್ಲ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಸಿಂಕಿನಲ್ಲಿರುತ್ತದೆ. ಖಾಲಿಯಾದ ಮೇಜಿನ ಮೇಲೆ ಹಿಟ್ಟು ಕಲಸುವುದು ನನಗೆ ಇಷ್ಟವಾಗುವುದು ಇದಕ್ಕೇ. ಬ್ರೆಡ್ಡಿಗೆ ಒಂದು ಮೊದಲು, ಒಂದು ಕೊನೆ ಇದೆ.

ಗೋಧಿ ಹಿಟ್ಟಿಗೆ ನೀರು ಬಿದ್ದಾಗ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ಸೇರಿ ಗ್ಲುಟೆನ್ ಆಗುತ್ತದೆ. ನಾದುತ್ತಾ ಹೋದಂತೆ ಅದು ಎಳೆದರೆ ಹರಿಯದ ಬಲೆಯಾಗುತ್ತದೆ. ಕೈಗೆ ಅಂಟುತ್ತಿದ್ದ ಮುದ್ದೆ ನುಣುಪಾಗುವುದನ್ನು ಬೆರಳೇ ಹೇಳುತ್ತದೆ. ಮಕ್ಕಳಿಗೂ ಇದು ತಿಳಿಯುತ್ತದೆ, ಯಾರೂ ಪಾಠ ಮಾಡಬೇಕಿಲ್ಲ. ಆಮೇಲೆ ಈಸ್ಟ್‌ನ ಸರದಿ. ಅದು ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ಬಲೆಯೊಳಗೆ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಇಲ್ಲಿ ಅವಸರ ನಡೆಯುವುದಿಲ್ಲ. ಬೇಗ ಆಗಲಿ ಎಂದು ತುಂಬ ಬಿಸಿಯಾದ ನೀರು ಹಾಕಿದರೆ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಈಸ್ಟ್ ಸತ್ತೇ ಹೋಗುತ್ತದೆ.

ಓವನ್ನಿನಲ್ಲಿ ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಿದಾಗ ಸಕ್ಕರೆಗಳೂ ಅಮಿನೋ ಆಮ್ಲಗಳೂ ಬೆರೆತು ಕಂದು ಬಣ್ಣ, ಘಮ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮೀಲ್ ಮೈಯಾರ್ ಹೆಸರೇ ಈ ಕ್ರಿಯೆಗೆ ಉಳಿದಿದೆ. ಒಳಗೆ ನೀರಿರುವುದರಿಂದ ಬಿಸಿ 100 ಡಿಗ್ರಿ ದಾಟುವುದಿಲ್ಲ, ತಿರುಳು ಬೆಳ್ಳಗೇ ಇರುತ್ತದೆ. ವಾಸನೆಯ ಸುದ್ದಿ ಮೂಗಿನಿಂದ ಭಾವನೆ, ನೆನಪುಗಳ ಭಾಗಗಳಿಗೆ ತೀರ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಉಳಿದ ಇಂದ್ರಿಯಗಳಿಗೆ ನಡುವೆ ಥಾಲಮಸ್ ಎಂಬ ನಿಲ್ದಾಣವಿದೆ, ವಾಸನೆಗೆ ಅದು ಬೇಕಿಲ್ಲ. ಬೇಯುವ ಬ್ರೆಡ್ಡಿನ ಘಮಕ್ಕೆ ಕೋಣೆ ಕೋಣೆಗಳಿಂದ ಎಲ್ಲರೂ ಎದ್ದು ಬರುವುದರಲ್ಲಿ ಅಚ್ಚರಿಯಿಲ್ಲ.

ಒಬ್ಬರೇ ಕಲಸಿ, ಒಬ್ಬರೇ ಒರೆಸಿ, ಒಬ್ಬರೇ ಪಾತ್ರೆ ತೊಳೆದರೆ ಇದೂ ಇನ್ನೊಂದು ಹೊರೆ. ಅಂಥ ಮನೆಯಲ್ಲಿ ಮೊದಲು ಹಂಚಬೇಕಾದದ್ದು ಬ್ರೆಡ್ಡನ್ನಲ್ಲ, ಕೆಲಸವನ್ನು.

ನಾದಲು ತ್ರಾಣವಿಲ್ಲದ ದಿನ ನೀರು ಸ್ವಲ್ಪ ಜಾಸ್ತಿ, ಈಸ್ಟ್ ತೀರ ಕಡಿಮೆ ಹಾಕಿ ಕಲಸಿ, ಮುಚ್ಚಿಟ್ಟು ಮಲಗಿಬಿಡಿ. 12ರಿಂದ 18 ಗಂಟೆಯಲ್ಲಿ ಗ್ಲುಟೆನ್ ಬಲೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ.