ಜಾ ಪ್ಲೇಟ್‌ಗೆ ಒಂದು ಹದ, ಪಿನಿಯನ್‌ಗೆ ಇನ್ನೊಂದು

ಸಂಡೂರು ಕಡೆಯ ಕ್ರಷರ್ ಮಾಲೀಕರೊಬ್ಬರು ಒಮ್ಮೆ ಎರಡು ತುಂಡಾದ ಜಾ ಪ್ಲೇಟನ್ನು (ಕ್ರಷರ್‌ನಲ್ಲಿ ಕಲ್ಲು ಜಗಿಯುವ ಉಕ್ಕಿನ ಹಲಗೆ) ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ನಮ್ಮ ಫೌಂಡ್ರಿಗೆ ಬಂದರು. ಮೆಷಿನ್‌ಗೆ ಹಾಕಿ ನಾಲ್ಕೇ ದಿನ ಆಗಿತ್ತಂತೆ. "ಸರ್, ಇದಕ್ಕಿಂತ ಗಟ್ಟಿ ಮಾಡಿಕೊಡಿ" ಎಂದರು. ಮುರಿದ ಮುಖ ನೋಡಿದೆ. ಕಲ್ಲುಸಕ್ಕರೆ ಒಡೆದಂತೆ ದಪ್ಪ ಹರಳುಗಳು. ಉಕ್ಕಿನ ಪರೀಕ್ಷೆ ಮಾಡಿಸಿದರೆ ಮ್ಯಾಂಗನೀಸ್, ಕಾರ್ಬನ್ ಎಲ್ಲ ಸರಿಯಾಗೇ ಇದ್ದವು. ಕೇಳುತ್ತಾ ಹೋದಾಗ ವಿಷಯ ಹೊರಬಂತು. ಎರಕ ಹೊಯ್ದವರು ಕಾದ ಪ್ಲೇಟನ್ನು ನೀರಿಗೆ ಹಾಕಿ ತೆಗೆದ ಮೇಲೆ ಅದನ್ನು ಮತ್ತೆ 500 ಡಿಗ್ರಿಗೆ ಕಾಯಿಸಿದ್ದರು, ಅಂದರೆ ಟೆಂಪರಿಂಗ್ ಮಾಡಿದ್ದರು. ಬೇರೆ ಉಕ್ಕಿಗೆ ಜೀವ ಕೊಡುವ ಕೆಲಸವೇ ಈ ಉಕ್ಕಿನ ಜೀವ ತೆಗೆದಿತ್ತು.

ಹೀಟ್ ಟ್ರೀಟ್‌ಮೆಂಟ್, ಅಂದರೆ ಉಕ್ಕನ್ನು ಕಾಯಿಸಿ ಆರಿಸಿ ಹದ ಹಾಕುವ ಕೆಲಸ, ಕೇಳಲು ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಹಾರ್ಡ್‌ನೆಸ್ ಎಷ್ಟು ಬೇಕು ಅನ್ನುವುದನ್ನು. ನಾನು ಮೊದಲು ಕೇಳುವುದು ಬೇರೆ. ಈ ಪಾರ್ಟ್ ಏಟು ತಿನ್ನುತ್ತದಾ, ಸವೆಯುತ್ತದಾ, ಸುಮ್ನೆ ಭಾರ ಹೊತ್ತು ನಿಲ್ಲುತ್ತದಾ? ಅತಿ ದಪ್ಪನೆಯ ಜಾಗ ಎಷ್ಟು ಇಂಚು? ಆಮೇಲೆ ವೆಲ್ಡಿಂಗ್ ಇದೆಯಾ? ಇಷ್ಟು ಗೊತ್ತಾದರೆ ಅರ್ಧ ದಾರಿ ಮುಗಿದಂತೆ.

ಅಚ್ಚಿನಿಂದ ಆಗಷ್ಟೇ ತೆಗೆದ ಉಕ್ಕಿನ ಎರಕವನ್ನು ಹಾಗೇ ಬಳಸಬಾರದು. ಮರಳಿನಲ್ಲಿ ನಿಧಾನವಾಗಿ ಆರಿದ್ದರಿಂದ ಅದರೊಳಗಿನ ಹರಳುಗಳು ದೊಡ್ಡದಾಗಿರುತ್ತವೆ. ದಪ್ಪ ಜಾಗ, ತೆಳು ಜಾಗ ಬೇರೆಬೇರೆ ವೇಗದಲ್ಲಿ ಆರಿ ಒಳಗೆ ಎಳೆತ ಕೂತಿರುತ್ತದೆ. ಸಾಮಾನ್ಯ ಕಾರ್ಬನ್ ಸ್ಟೀಲ್‌ನ ಬ್ರಾಕೆಟ್, ಬೇರಿಂಗ್ ಹೌಸಿಂಗ್‌ನಂಥವಕ್ಕೆ ನಾರ್ಮಲೈಸಿಂಗ್ ಸಾಕು. 900 ಡಿಗ್ರಿಗಿಂತ ತುಸು ಮೇಲೆ ಕಾಯಿಸಿ, ಇಂಚು ದಪ್ಪಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಹಿಡಿದು, ಹೊರಗೆ ಗಾಳಿಯಲ್ಲಿ ಆರಲು ಬಿಡುವುದು. ಹೊಸ ಹರಳುಗಳು ಸಣ್ಣದಾಗಿ ಹುಟ್ಟುತ್ತವೆ.

ಹೇಳಲು ಸುಲಭ, ಅಲ್ವಾ? ಎಡವುವುದು ಅಂಗಳದಲ್ಲಿ. ಭಟ್ಟಿಯ ಬೋಗಿ ಹೊರಗೆ ಎಳೆದಾಗ ಕ್ಯಾಸ್ಟಿಂಗ್‌ಗಳು ಒಂದರ ಮೇಲೊಂದು ರಾಶಿ ಬಿದ್ದಿರುತ್ತವೆ. ಅಂಚಿನಲ್ಲಿರುವುದು ಬೇಗ ಆರುತ್ತದೆ. ನಡುವಿನದು ಗಂಟೆಗಟ್ಟಲೆ ಕೆಂಪಗೇ ಇರುತ್ತದೆ. ಕಾಗದದಲ್ಲಿ ಎರಡೂ ನಾರ್ಮಲೈಸಿಂಗ್. ನಿಜದಲ್ಲಿ ನಡುವಿನದು ಅನೀಲಿಂಗ್ ಆಗಿರುತ್ತದೆ, ಬಲ ಕಡಿಮೆ ಬರುತ್ತದೆ. ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ಜೋಡಿಸಿ ಎಂದು ನಮ್ಮ ಹುಡುಗರಿಗೆ ದಿನಾ ಹೇಳುತ್ತೇನೆ. ಇನ್ನೊಂದು ಮಾತು: ಮೀಟರ್ ತೋರಿಸುವುದು ಭಟ್ಟಿಯ ಬಿಸಿಯನ್ನು. ನಾಲ್ಕು ಇಂಚಿನ ಗಟ್ಟಿಯ ಹೊಟ್ಟೆ ಆ ಬಿಸಿಗೆ ಬರಲು ಇನ್ನೂ ಹೊತ್ತು ಬೇಕು. ಗಂಟೆ ಲೆಕ್ಕ ಶುರುವಾಗುವುದು ಅದು ಬಂದ ಮೇಲೆ.

ಅನೀಲಿಂಗ್, ಅಂದರೆ ಭಟ್ಟಿಯಲ್ಲೇ ನಿಧಾನವಾಗಿ ಆರಿಸುವುದು, ಕಾರ್ಬನ್ ಜಾಸ್ತಿ ಇದ್ದು ಲೇಥ್‌ನಲ್ಲಿ ಟೂಲ್ ನಿಲ್ಲದ ಎರಕಕ್ಕೆ ಸರಿ. ಕಾರ್ಬನ್ ಕಡಿಮೆ ಇದ್ದದ್ದಕ್ಕೆ ಅದು ಬೇಡ. ಮೆತ್ತಗಾಗಿ ಟೂಲ್‌ಗೆ ಅಂಟುತ್ತದೆ.

ಈಗ ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳ ಕಿಲ್ನ್ (ಸುತ್ತುವ ಉದ್ದನೆಯ ಭಟ್ಟಿ) ತಿರುಗಿಸುವ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ತಗೊಳ್ಳಿ. ಕಿಲ್ನ್ ಸುತ್ತ ಕೂರುವ ದೊಡ್ಡ ಗರ್ತ್ ಗೇರ್ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಎಷ್ಟೋ ಸುತ್ತು ಬಂದಿರುತ್ತದೆ. ಹಾಗಾಗಿ ಪಿನಿಯನ್ ಗೇರ್‌ಗಿಂತ ಗಡಸಾಗಿರಬೇಕು. ಆದರೆ ಹಲ್ಲು ಚಕ್ಕೆ ಏಳಬಾರದು. ಇಲ್ಲಿ ಬೇಕಾದದ್ದು ಕ್ವೆಂಚಿಂಗ್ (ಕೆಂಪಗೆ ಕಾದದ್ದನ್ನು ಥಟ್ಟನೆ ನೀರಿಗೋ ಎಣ್ಣೆಗೋ ಅದ್ದುವುದು) ಮತ್ತು ಟೆಂಪರಿಂಗ್. ಊರ ಕಮ್ಮಾರರು ಕುಡುಗೋಲಿಗೆ ಹದ ಹಾಕುವುದನ್ನು ನೋಡಿದ್ದೀರಲ್ಲ? ಅಂಚನ್ನು ಮಾತ್ರ ನೀರಿಗೆ ಅದ್ದುತ್ತಾರೆ. ಹಿಂದಿನ ಭಾಗದ ಬಿಸಿ ಅಂಚಿಗೆ ಹರಿದು ಬಣ್ಣ ತಿರುಗುವುದನ್ನು ಕಾಯುತ್ತಾರೆ. ಅದೇ ಟೆಂಪರಿಂಗ್. ನಾವು ಭಟ್ಟಿಯಲ್ಲಿ 550ರಿಂದ 650 ಡಿಗ್ರಿ ಇಟ್ಟು ಮಾಡುತ್ತೇವೆ, ಅಷ್ಟೇ. ಕ್ವೆಂಚ್ ಆದ ಪಾರ್ಟನ್ನು ರಾತ್ರಿಯೆಲ್ಲ ಹಾಗೇ ಬಿಡಬೇಡಿ. ಬೆಳಗ್ಗೆ ಬಂದರೆ ಮೂಲೆಯಲ್ಲಿ ಬಿರುಕು ಕಾಣಬಹುದು. ಬೆಚ್ಚಗಿರುವಾಗಲೇ ಟೆಂಪರಿಂಗ್ ಭಟ್ಟಿಗೆ ಹೋಗಬೇಕು.

ದಪ್ಪದ ಮಾತು ಇಲ್ಲಿ ತುಂಬಾ ಮುಖ್ಯ. ಬರೀ ಕಾರ್ಬನ್ ಸ್ಟೀಲ್‌ನ ದಪ್ಪ ಗಟ್ಟಿಯನ್ನು ನೀರಿಗೆ ಹಾಕಿದರೂ ಮೇಲಿನ ಪದರ ಮಾತ್ರ ಗಡಸಾಗುತ್ತದೆ, ಒಳಗೆ ಅದು ಇಳಿಯುವುದಿಲ್ಲ. ಇಳಿಯಬೇಕಾದರೆ ಕ್ರೋಮಿಯಂ, ಮಾಲಿಬ್ಡಿನಂ, ನಿಕಲ್ ಸೇರಿಸಬೇಕು. ಇದನ್ನು ಕರಗಿಸುವ ಮೊದಲೇ ತೀರ್ಮಾನಿಸಬೇಕು. ಎರಕ ಹೊಯ್ದ ಮೇಲೆ ನನ್ನ ಹತ್ತಿರ ತಂದರೆ ನಾನೇನು ಮಾಡಲಿ?

ವೆಲ್ಡಿಂಗ್ ರಿಪೇರಿ ಆದದ್ದಕ್ಕೆ 600ರಿಂದ 650 ಡಿಗ್ರಿಯಲ್ಲಿ ಸ್ಟ್ರೆಸ್ ರಿಲೀವಿಂಗ್ (ಒಳಗಿನ ಎಳೆತ ಇಳಿಸುವುದು) ಮಾಡಿ ಭಟ್ಟಿಯಲ್ಲೇ ಆರಿಸುತ್ತೇವೆ. ಮೊದಲೇ ಕ್ವೆಂಚ್, ಟೆಂಪರ್ ಆಗಿದ್ದ ಪಾರ್ಟ್ ಆದರೆ, ಅದರ ಟೆಂಪರಿಂಗ್ ಬಿಸಿಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೇ ನಿಲ್ಲಬೇಕು. ಇಲ್ಲದಿದ್ದರೆ ಮೊದಲು ಪಡೆದ ಗಡಸುತನ ಇಳಿಯುತ್ತದೆ.

ಮತ್ತೆ ಆ ಜಾ ಪ್ಲೇಟ್‌ಗೆ ಬರುತ್ತೇನೆ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಉಕ್ಕು ಅದು. ಅದರಲ್ಲಿ ಮ್ಯಾಂಗನೀಸ್ 11ರಿಂದ 14 ಶೇಕಡಾ, ಕಾರ್ಬನ್ ಸುಮಾರು 1.2. ಇದರ ಸ್ವಭಾವವೇ ಉಲ್ಟಾ. 1050 ಡಿಗ್ರಿಯಿಂದ ಥಟ್ಟನೆ ನೀರಿಗೆ ಹಾಕಿದರೆ ಮೆತ್ತಗೆ, ಜಿಗುಟಾಗಿ ಬರುತ್ತದೆ. ಸುಮಾರು 200 ಬ್ರಿನೆಲ್ (ಗಡಸುತನದ ಅಳತೆ) ಇದ್ದದ್ದು ಕಲ್ಲಿನ ಏಟು ತಿನ್ನುತ್ತಾ ತಿನ್ನುತ್ತಾ ಮೇಲ್ಮೈಯಲ್ಲಿ 500ರ ಹತ್ತಿರ ಹೋಗುತ್ತದೆ. ಗಡಸು ಕೊಡುವುದು ಕ್ರಷರ್, ಭಟ್ಟಿಯಲ್ಲ. ಆರುವುದು ನಿಧಾನವಾದರೆ, ಇಲ್ಲವೇ 300 ಡಿಗ್ರಿ ದಾಟಿ ಮತ್ತೆ ಕಾಯಿಸಿದರೆ, ಹರಳುಗಳ ಅಂಚಿನಲ್ಲಿ ಕಾರ್ಬೈಡ್ (ಕಾರ್ಬನ್ ಸೇರಿದ ಗಡಸು ಕಣಗಳು) ಕೂತು ಪೆಡಸಾಗುತ್ತದೆ. ಹಾಗಾಗಿ ಟೆಂಪರಿಂಗ್ ಇಲ್ಲವೇ ಇಲ್ಲ. ವೆಲ್ಡಿಂಗ್ ಮಾಡುವವರೂ ಪ್ರೀಹೀಟ್ ಕೊಡಬಾರದು, ಅಂದರೆ ಮೊದಲೇ ಕಾಯಿಸಬಾರದು, ಸಣ್ಣ ಸಣ್ಣ ಪಟ್ಟಿ ಹಾಕಿ ಆರಲು ಬಿಡಬೇಕು.

ನಮ್ಮ ಬಳ್ಳಾರಿಯ ಬಿಸಿಲು ಇಲ್ಲಿ ಅಡ್ಡ ಬರುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ತಾನಾಗೇ ಬೆಚ್ಚಗಾಗಿರುತ್ತದೆ. ಒಂದು ಲೋಡ್ ಮುಳುಗಿಸಿದರೆ ಇನ್ನೂ ಏರುತ್ತದೆ. ಬಿಸಿ ನೀರಿನಲ್ಲಿ ಪ್ಲೇಟಿನ ಸುತ್ತ ಹಬೆಯ ಹೊದಿಕೆ ಕಟ್ಟಿ, ನಡುಭಾಗ ಬೇಗ ಆರುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ನಾವು ರಾತ್ರಿ ಭಟ್ಟಿ ಹಚ್ಚಿ ಬೆಳಗಿನ ಜಾವ ಐದಕ್ಕೆ ಕ್ವೆಂಚ್ ಮಾಡುತ್ತೇವೆ. ಪಂಪ್ ಹಾಕಿ ನೀರು ತಿರುಗಿಸುತ್ತೇವೆ. ಆ ಸಂಡೂರಿನವರಿಗೆ ಹೊಸ ಪ್ಲೇಟ್ ಕೊಟ್ಟದ್ದೂ ಮೇ ತಿಂಗಳ ಅಂಥದೇ ಒಂದು ಬೆಳಗ್ಗೆ. ಕೈಯಲ್ಲಿ ಸುತ್ತಿಗೆ ಹಿಡಿದು ಬಂದಿದ್ದ ಅವರು ಎರಡು ಸಲ ಜೋರಾಗಿ ಹೊಡೆದು ನೋಡಿ, ಆಮೇಲೆ ಟ್ರ್ಯಾಕ್ಟರ್‌ಗೆ ಹಾಕಿಸಿಕೊಂಡರು.