ಎಎಲ್‌ಕೆ ಪಾಸಿಟಿವ್

ಬಯಾಪ್ಸಿ ವರದಿಯಲ್ಲಿ ‘ಪಾಸಿಟಿವ್’ ಎಂದು ಕಂಡೊಡನೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಆದರೆ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್‌ನಲ್ಲಿ ‘ಎಎಲ್‌ಕೆ ಪಾಸಿಟಿವ್’ ಎಂಬ ಸಾಲನ್ನು ಓದಿ ತುಸು ಧೈರ್ಯ ತಂದುಕೊಳ್ಳಬಹುದು.

ಸೋಂಕಿನ ವಿರುದ್ಧ ಹೋರಾಡುವ ಟಿ ಜೀವಕೋಶಗಳಲ್ಲಿ ಹುಟ್ಟುವ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್, ಇದು. ನಾನ್-ಹಾಡ್ಕಿನ್ ಎಂಬ ದೊಡ್ಡ ಗುಂಪಿಗೆ ಸೇರಿದ ವಯಸ್ಕರ ಲಿಂಫೋಮಾಗಳಲ್ಲಿ ಇದರ ಪಾಲು ನೂರಕ್ಕೆ ಎರಡು ಮೂರು ಮಾತ್ರ. ಮಕ್ಕಳಲ್ಲಿ ಹತ್ತರಿಂದ ಹದಿನೈದು. 1985ರಲ್ಲಿ ಜರ್ಮನಿಯ ಹರಾಲ್ಡ್ ಸ್ಟೈನ್ ಮತ್ತು ಸಂಗಡಿಗರು ಇದನ್ನು ಬೇರೆಯೇ ರೋಗವೆಂದು ಗುರುತಿಸಿದರು. ಕೋಶದ ಹೊರಮೈಯಲ್ಲಿ ಸಿಡಿ30 ಎಂಬ ಪ್ರೋಟೀನು ದಟ್ಟವಾಗಿರುವುದು ಇದರ ಲಕ್ಷಣ. 1994ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅನೇಕ ರೋಗಿಗಳಲ್ಲಿ 2 ಮತ್ತು 5ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಟಿ ಕೋಶಗಳಲ್ಲಿ ಸುಮ್ಮನಿರಬೇಕಾದ ಎಎಲ್‌ಕೆ ಜೀನು ಮತ್ತೊಂದು ಜೀನಿಗೆ ಬೆಸೆದುಕೊಂಡಿರುತ್ತದೆ. ಆಗ ಹುಟ್ಟುವ ಪ್ರೋಟೀನು ಕೋಶಕ್ಕೆ ‘ಬೆಳೆ, ಎರಡಾಗು’ ಎಂದು ಬಿಡುವಿಲ್ಲದೆ ಆಜ್ಞಾಪಿಸುತ್ತದೆ. ಈ ಪ್ರೋಟೀನು ಕಂಡರೆ ಪಾಸಿಟಿವ್, ಕಾಣದಿದ್ದರೆ ನೆಗೆಟಿವ್.

2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಐದು ವರ್ಷಗಳ ನಂತರವೂ ಬದುಕಿದ್ದವರು ಪಾಸಿಟಿವ್ ಗುಂಪಿನಲ್ಲಿ ಶೇ 70, ನೆಗೆಟಿವ್ ಗುಂಪಿನಲ್ಲಿ ಶೇ 49. ಈ ಅಂಕಿಗಳನ್ನು ಓದುವಾಗ ವಯಸ್ಸನ್ನು ಮರೆಯಬಾರದು. ಪಾಸಿಟಿವ್ ರೋಗ ಹೆಚ್ಚಾಗಿ ಮಕ್ಕಳಿಗೆ, ಯುವಕರಿಗೆ ಬರುತ್ತದೆ. ನೆಗೆಟಿವ್ ಬರುವುದು ಹೆಚ್ಚಾಗಿ ಐವತ್ತು ದಾಟಿದವರಿಗೆ. ಅದೇ ಅಧ್ಯಯನದಲ್ಲಿ ನಲವತ್ತರ ಒಳಗಿನವರನ್ನಷ್ಟೇ ಹೋಲಿಸಿದಾಗ ಎರಡೂ ಗುಂಪುಗಳ ಫಲಿತಾಂಶ ಸರಿಸುಮಾರು ಒಂದೇ ಆಗಿತ್ತು. ಹಾಗಾಗಿ ನೆಗೆಟಿವ್ ಎಂದು ಬಂದ ಯುವಕನಿಗೆ ಶೇ 49ನ್ನು ಹಿಡಿದು ಭವಿಷ್ಯ ಹೇಳುವುದು ತಪ್ಪು, ಅನ್ಯಾಯ ಕೂಡ. ರೋಗ ಎಷ್ಟು ಹಬ್ಬಿದೆ, ಕೋಶಗಳು ಹಾಳಾದಾಗ ರಕ್ತಕ್ಕೆ ಸೇರುವ ಎಲ್‌ಡಿಎಚ್ ಎಂಬ ಕಿಣ್ವ ಎಷ್ಟಿದೆ, ರೋಗಿ ಎದ್ದು ಓಡಾಡುವಷ್ಟು ಗಟ್ಟಿಯಾಗಿದ್ದಾರೆಯೇ ಎಂಬುದನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನೆಗೆಟಿವ್ ಗುಂಪಿನೊಳಗೂ ಭೇದಗಳಿವೆ. 2014ರ ಅಧ್ಯಯನವೊಂದರಲ್ಲಿ ಡಿಯುಎಸ್‌ಪಿ22 ಜೀನಿನ ಮರುಜೋಡಣೆ (ಜೀನು ಇರುವ ಜಾಗದಲ್ಲಿ ವರ್ಣತಂತು ಮುರಿದು ಬೇರೆಡೆ ಬೆಸೆದುಕೊಳ್ಳುವುದು) ಇದ್ದವರಲ್ಲಿ ಐದು ವರ್ಷ ಬದುಕಿದವರು ಶೇ 90. ಟಿಪಿ63 ಮರುಜೋಡಣೆ ಇದ್ದವರಲ್ಲಿ ಬರೀ ಶೇ 17. ಮುಂದಿನ ಅಧ್ಯಯನಗಳಲ್ಲಿ ಡಿಯುಎಸ್‌ಪಿ22 ಫಲಿತಾಂಶ ಅಷ್ಟು ಉಜ್ವಲವಾಗಿ ಕಾಣಲಿಲ್ಲ. ಆದರೂ ನೆಗೆಟಿವ್ ಬಂದಾಗ ಈ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಈಗಿನ ರೋಗಿಗಳ ಪಾಲಿಗೆ 2008ರ ಅಂಕಿಗಳು ಹಳೆಯವು. ಅವು ಹೆಚ್ಚಾಗಿ ಚಾಪ್ ಎಂಬ ನಾಲ್ಕು ಔಷಧಗಳ ಕಿಮೊಥೆರಪಿ ಕಾಲದವು. ಸಿಡಿ30 ಅನ್ನು ಹುಡುಕಿಕೊಂಡು ಹೋಗಿ ಕೋಶದೊಳಕ್ಕೆ ವಿಷ ಇಳಿಸುವ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಔಷಧ ಬಂದ ಮೇಲೆ ಚಿತ್ರ ಬದಲಾಗಿದೆ. ಅದನ್ನು ಚಾಪ್‌ನ ನಾಲ್ಕು ಔಷಧಗಳಲ್ಲಿ ಒಂದಾದ ವಿನ್‌ಕ್ರಿಸ್ಟೀನ್ ಬದಲಿಗೆ ಕೊಟ್ಟು ನೋಡಿದ ಎಷೆಲಾನ್-2 ಪ್ರಯೋಗದಲ್ಲಿ ಬಹುಪಾಲು ರೋಗಿಗಳು ಈ ಲಿಂಫೋಮಾದವರೇ. ಐದು ವರ್ಷಕ್ಕೆ ಬದುಕಿದ್ದವರು ಹೊಸ ಚಿಕಿತ್ಸೆಯಲ್ಲಿ ಶೇ 70, ಹಳೆಯದರಲ್ಲಿ ಶೇ 61. ಬೆಲೆ ಮಾತ್ರ ಬಹಳ ದುಬಾರಿ, ಸಾಮಾನ್ಯ ಕುಟುಂಬಕ್ಕೆ ಎಟುಕುವುದು ಕಷ್ಟ.

ಮರುಕಳಿಸಿದರೂ ದಾರಿ ಮುಚ್ಚುವುದಿಲ್ಲ. ಎಎಲ್‌ಕೆ ಪ್ರೋಟೀನನ್ನೇ ತಡೆಯುವ ಕ್ರಿಜೋಟಿನಿಬ್ ಮಾತ್ರೆಗೆ, ಮೊದಲ ಚಿಕಿತ್ಸೆ ಫಲಿಸದ ಮಕ್ಕಳು ಮತ್ತು ಯುವಜನರಲ್ಲಿ ಬಳಸಲು ಅಮೆರಿಕ 2021ರಲ್ಲಿ ಅನುಮತಿ ಕೊಟ್ಟಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿದ್ದ 26 ಜನರಲ್ಲಿ ಶೇ 88ರಷ್ಟು ಮಂದಿಗೆ ಗಡ್ಡೆ ಕರಗಿತು ಇಲ್ಲವೇ ಕುಗ್ಗಿತು. ವರದಿಯಲ್ಲಿ ಪಾಸಿಟಿವ್ ಎಂದು ಇದ್ದವರಿಗಷ್ಟೇ ಈ ಮಾತ್ರೆ ಕೆಲಸ ಮಾಡುತ್ತದೆ.