ದಾಖಲೆ ಇಲ್ಲದವರಿಗೂ ಡ್ರೈವಿಂಗ್ ಲೈಸೆನ್ಸ್ ಯಾಕೆ?

ಪ್ರಶ್ನೆ: ನಮ್ಮ ಭಾವ ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾರೆ. ವೀಸಾ ವಿಸ್ತರಣೆಯ ಕಾಗದ ತಡವಾಗಿ, ಲೈಸೆನ್ಸ್ ನವೀಕರಣಕ್ಕೆ ಎರಡು ತಿಂಗಳು ಅಲೆದರು. ಕ್ಯಾಲಿಫೋರ್ನಿಯಾದಲ್ಲಿ ವಾಸದ ಅನುಮತಿಯ ದಾಖಲೆಯೇ ಇಲ್ಲದ ವಲಸಿಗರಿಗೂ ಲೈಸೆನ್ಸ್ ಕೊಡ್ತಾರಂತೆ. ಇದು ನ್ಯಾಯಾನಾ?

ಉತ್ತರ: ಹೌದು, ನ್ಯಾಯವೇ. ನಿಮ್ಮ ಭಾವನಿಗೆ ಆದದ್ದು ಮಾತ್ರ ಅನ್ಯಾಯ. ಎರಡಕ್ಕೂ ನಂಟಿದೆ.

ಅಮೆರಿಕದ ಎಷ್ಟೋ ಊರುಗಳಲ್ಲಿ ಕಾರಿಲ್ಲದೆ ದಿನ ಸಾಗುವುದಿಲ್ಲ. ಬೀದಿ ತಿರುವಿನಲ್ಲಿ ಆಟೊ ಸಿಗಲ್ಲ. ತೋಟದಲ್ಲಿ ಹಣ್ಣು ಕೀಳುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಜ್ವರ ಬಂದ ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರೂ ಲೈಸೆನ್ಸ್ ಇರಲಿ ಬಿಡಲಿ ಕಾರು ಹತ್ತಲೇಬೇಕು. ಹೇಗೂ ಓಡಿಸುತ್ತಾರೆ ಅಂದಮೇಲೆ, ನಿಯಮ ಓದಿ, ಕಣ್ಣು ತೋರಿಸಿ, ರೋಡ್ ಟೆಸ್ಟ್ ಪಾಸಾಗಿ ಓಡಿಸೋದು ಒಳ್ಳೆಯದಲ್ವಾ?

1994ಕ್ಕೆ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್‌ಗೆ ವಲಸೆ ದಾಖಲೆ ಕೇಳುತ್ತಲೇ ಇರಲಿಲ್ಲ. ಆಮೇಲೆ ಬಾಗಿಲು ಮುಚ್ಚಿತು. ಮತ್ತೆ ತೆರೆಸಲು ಶಾಸಕ ಗಿಲ್ ಸೆಡಿಲೊ ವರ್ಷಗಟ್ಟಲೆ ಮಸೂದೆ ತರುತ್ತಲೇ ಇದ್ದರು. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು. ಆದರೆ ಕೆಲವೇ ವಾರಗಳಲ್ಲಿ ಮತದಾರರು ಅವರನ್ನು ಕೆಳಗಿಳಿಸಿದರು. ಹೊಸ ಗವರ್ನರ್ ಶ್ವಾರ್ಜನೆಗರ್ ಕಾಲದಲ್ಲಿ ಆ ಕಾನೂನು ಜಾರಿಗೆ ಬರುವ ಮೊದಲೇ ರದ್ದಾಯಿತು. ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ದಾಖಲೆ ಇಲ್ಲದವರಿಗೂ ಲೈಸೆನ್ಸ್ ಕೊಡುವ ಎಬಿ 60 ಕಾನೂನಿಗೆ 2013ರಲ್ಲಿ ಸಹಿ ಬಿತ್ತು, 2015ರ ಜನವರಿಯಲ್ಲಿ ಅದು ಜಾರಿಯಾಯಿತು. ಮೊದಲ ವರ್ಷವೇ ಸುಮಾರು 6 ಲಕ್ಷ ಜನ ಲೈಸೆನ್ಸ್ ಪಡೆದರು.

ರಸ್ತೆ ಕೆಟ್ಟಿತಾ? ಇಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಲೆಕ್ಕ ಮುಂದಿಟ್ಟರು: ಒಟ್ಟು ಅಪಘಾತ ಹೆಚ್ಚಲಿಲ್ಲ, ಗುದ್ದಿ ಪರಾರಿಯಾಗುವ ಪ್ರಕರಣಗಳು ಕನಿಷ್ಠ 7% ಕಡಿಮೆಯಾದವು. ಇದರ ಹಿಂದೆ ಇರುವುದು ಭಯ. ಲೈಸೆನ್ಸ್ ಇಲ್ಲದವನಿಗೆ ಪೊಲೀಸರು ಬಂದರೆ ಕಾರೂ ಹೋದೀತು, ದೇಶವೂ ಬಿಡಬೇಕಾದೀತು ಎಂಬ ಹೆದರಿಕೆ. ಜೇಬಿನಲ್ಲಿ ಲೈಸೆನ್ಸ್ ಇದ್ದವನು ಅಲ್ಲೇ ನಿಲ್ಲುತ್ತಾನೆ. ಗುದ್ದಿಸಿಕೊಂಡವರು ನಿಮ್ಮ ಭಾವನೇ ಆಗಿದ್ದರೆ ಇದು ಎಷ್ಟು ದೊಡ್ಡ ವಿಷಯ, ಯೋಚಿಸಿ.

ಈ ಕಾರ್ಡಿನಿಂದ ಪೌರತ್ವ, ಮತದ ಹಕ್ಕು, ಕೆಲಸದ ಅನುಮತಿ ಏನೂ ಸಿಗುವುದಿಲ್ಲ. ವಿಮಾನ ಹತ್ತಲು ಫೆಡರಲ್ ಸರ್ಕಾರ ಕೇಳುವ ರಿಯಲ್ ಐಡಿ ಕೂಡ ಇದಲ್ಲ. ಗಾಡಿ ಓಡಿಸಲು ಬರುತ್ತದೆ ಎಂದಷ್ಟೇ ಇದರ ಅರ್ಥ. ನ್ಯೂಯಾರ್ಕ್, ನ್ಯೂಜೆರ್ಸಿ ಕೂಡ 2019ರಲ್ಲಿ ಇಂಥ ಕಾನೂನು ಮಾಡಿದವು. ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರ್ ಬೇಡ ಅಂದರೂ ಶಾಸಕರು ಪಾಸು ಮಾಡಿದರು. 2022ರ ನವೆಂಬರಿನಲ್ಲಿ ಜನರೇ ಮತ ಹಾಕಿ ಅದನ್ನು ಉಳಿಸಿಕೊಂಡರು. ನ್ಯೂಯಾರ್ಕ್ ಕಾನೂನಿನಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವುದು ಇನ್ನೊಂದು ಅಂಶ: ನ್ಯಾಯಾಧೀಶರ ಆದೇಶವಿಲ್ಲದೆ ಲೈಸೆನ್ಸ್ ಪಡೆದವರ ಮಾಹಿತಿ ವಲಸೆ ಅಧಿಕಾರಿಗಳ ಕೈಗೆ ಹೋಗುವಂತಿಲ್ಲ. ಆ ಭರವಸೆ ಇಲ್ಲದಿದ್ದರೆ ಯಾರು ತಾನೇ ಅರ್ಜಿ ಹಾಕುತ್ತಾರೆ?

ಇನ್ನು ನಿಮ್ಮ ಭಾವನ ವಿಷಯ. ಸಮಯಕ್ಕೆ ಸರಿಯಾಗಿ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ಹಳೆಯ ಅವಧಿ ಮುಗಿದ ಮೇಲೂ ಅದೇ ಕಂಪನಿಯಲ್ಲಿ 240 ದಿನದವರೆಗೆ ದುಡಿಯಬಹುದು. ಆದರೆ ರಿಯಲ್ ಐಡಿ ನಿಯಮದ ಪ್ರಕಾರ ಆ ಬಗೆಯ ಲೈಸೆನ್ಸ್ ಕಾರ್ಡಿನ ಅವಧಿ ಅಲ್ಲಿನ ವಾಸದ ಅನುಮತಿಗೆ ಕಟ್ಟಿಬಿದ್ದಿದೆ. ದುಡಿಯಬಹುದು, ದುಡಿಯುವ ಜಾಗಕ್ಕೆ ಗಾಡಿ ಓಡಿಸಿಕೊಂಡು ಹೋಗಲು ಪರದಾಟ. ಹಣ್ಣು ಕೀಳುವವರನ್ನು ಕಾಡಿದ್ದೂ ಇದೇ ಗಂಟು, ಲೈಸೆನ್ಸನ್ನು ವಲಸೆ ಕಾಗದಕ್ಕೆ ಕಟ್ಟಿದ ಗಂಟು. ಅದನ್ನು ಬಿಚ್ಚಿ ಎಂದು ಭಾವ ತಮ್ಮ ರಾಜ್ಯದ ಶಾಸಕರಿಗೆ ಪತ್ರ ಬರೆಯಲಿ. ಪತ್ರ ಬರೆಯಲು ಅಲ್ಲಿನ ಪೌರತ್ವ ಬೇಕಿಲ್ಲ.